ವಿದ್ಯಾರ್ಥಿಗಳ ಜ್ಞಾನವಿಷಯಕ ನಂಬಿಕೆಗಳೂ ಅವುಗಳ ಅಳತೆಯೂ

ಅಧ್ಯಾಪಕರು ಒಂದು ಪದ್ಯಕ್ಕೆ ಎರಡು ಅರ್ಥಗಳನ್ನು ಹೇಳಿದಾಗ ಒಬ್ಬ ವಿದ್ಯಾರ್ಥಿಯು ಎರಡನ್ನೂ ತೂಗಿನೋಡಲು ತೊಡಗುವನು. ಮತ್ತೊಬ್ಬನು ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕೆಂದು ಕೇಳುವನು. ಈ ಭೇದವು ಬುದ್ಧಿಶಕ್ತಿಯಿಂದಲೇ ಉಂಟಾದುದೆಂದು ಹೇಳುವಂತಿಲ್ಲ. ಜ್ಞಾನವೆಂದರೇನು, ಅದು ಯಾರಿಂದ ದೊರೆಯುವುದು, ಎಷ್ಟು ಕಾಲದಲ್ಲಿ ಕೈಗೂಡುವುದು ಎಂಬ ವಿಷಯಗಳಲ್ಲಿ ಅವರು ತಮಗರಿಯದೆಯೇ ತಳೆದಿರುವ ನಂಬಿಕೆಗಳೂ ಇದಕ್ಕೆ ಕಾರಣವಾಗಿರಬಹುದು.

ಈ ನಂಬಿಕೆಗಳ ವಿಚಾರಕ್ಕೆ ದಾರಿ ತೆಗೆದವರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿಲಿಯಂ ಪೆರ್ರಿಯವರು. ಅವರೂ ಅವರ ಸಂಗಡಿಗರೂ 1950ರ ದಶಕದಿಂದ ಮೊದಲುಗೊಂಡು ವಿದ್ಯಾರ್ಥಿಗಳನ್ನು ಪ್ರತಿ ವರ್ಷದ ಕೊನೆಯಲ್ಲಿ ಕರೆದು, ಮನಬಿಚ್ಚಿ ಮಾತನಾಡಿಸಿ, ಆ ಸಂಭಾಷಣೆಗಳಲ್ಲಿ ಒಂಬತ್ತು ನೆಲೆಗಳನ್ನು ಗುರುತಿಸಿ 1970ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಎಲ್ಲವೂ ಸರಿ ಇಲ್ಲವೆ ತಪ್ಪು, ಸರಿಯಾದುದು ಗುರುವಿನ ಕೈಯಲ್ಲಿದೆ ಎಂಬುದು ಕೆಳಗಿನ ನೆಲೆ. ಹಲವು ಪಕ್ಷಗಳುಂಟೆಂದು ತಿಳಿದೂ ಸ್ವಂತ ಹೊಣೆಯ ಮೇಲೆ ಒಂದನ್ನು ಅಂಗೀಕರಿಸುವುದು ಮೇಲಿನದು. ಸಂಭಾಷಣೆಯ ಈ ಕ್ರಮಕ್ಕೆ ಕಾಲವೂ ಶ್ರಮವೂ ಬಹಳವಾಗಿ ಬೇಕು.

1990ರಲ್ಲಿ ಮಾರ್ಲೀನ್ ಶೋಮರ್ ಎಂಬ ವಿದುಷಿಯು 63 ವಾಕ್ಯಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ನಂಬಿಕೆಯು ಮೆಟ್ಟಿಲುಮೆಟ್ಟಿಲಾಗಿ ಏರುವ ಒಂದೇ ವಸ್ತುವಲ್ಲ, ಹೆಚ್ಚುಕಡಿಮೆ ಸ್ವತಂತ್ರವಾದ ಐದು ಎಳೆಗಳುಳ್ಳದ್ದು ಎಂಬುದು ಅವರ ಊಹೆ. ಜ್ಞಾನವು ಸರಳವೆಂಬುದು, ನಿಶ್ಚಿತವೆಂಬುದು, ಸರ್ವಜ್ಞರಾದ ಹಿರಿಯರಿಂದ ಬರುವುದೆಂಬುದು, ಕಲಿಯುವ ಶಕ್ತಿಯು ಹುಟ್ಟಿನಿಂದ ಬಂದುದೆಂಬುದು, ಕಲಿತರೆ ಬೇಗನೆ ಕಲಿಯಬೇಕು ಇಲ್ಲವೆ ಇಲ್ಲವೇ ಇಲ್ಲವೆಂಬುದು, ಇವೇ ಆ ಐದು. ಉತ್ತರಗಳನ್ನು ಗಣಿತಕ್ರಮದಿಂದ ಪರಿಶೋಧಿಸಿದಾಗ ನಾಲ್ಕು ಮಾತ್ರ ಮೈದೋರಿದವು. ಹಿರಿಯರ ಮಾತಿನ ಪ್ರಾಮಾಣ್ಯವನ್ನು ಕುರಿತ ಎಳೆಯು ಪ್ರತ್ಯೇಕವಾಗಿ ಕಾಣಲಿಲ್ಲ. ಆಪ್ತವಾಕ್ಯವನ್ನು ಪ್ರಮಾಣಗಳಲ್ಲಿ ಒಂದಾಗಿ ಎಣಿಸಿ ಚರ್ಚಿಸಿದ ನ್ಯಾಯಶಾಸ್ತ್ರದ ಪರಿಚಯವುಳ್ಳವರಿಗೆ ಇದು ಕುತೂಹಲಕರವೇ ಸರಿ. ಆದರೆ ಪರಿಶೋಧನೆಗೆ ಒಳಗಾದುವು 63 ಬಿಡಿವಾಕ್ಯಗಳಲ್ಲ, ಸಂಶೋಧಕರೇ ಮೊದಲೇ ಕಟ್ಟಿದ 12 ಗುಂಪುಗಳು. ಎಳೆಗಳು ವಿದ್ಯಾರ್ಥಿಗಳ ಮನಸ್ಸಿನವೋ ಗುಂಪು ಕಟ್ಟಿದವರವೋ ಎಂಬ ಶಂಕೆಗೆ ಇದರಿಂದ ಎಡೆಯಾಯಿತು. ಕಲಿಯುವ ಶಕ್ತಿಯನ್ನೂ ವೇಗವನ್ನೂ ಕುರಿತ ನಂಬಿಕೆಗಳು ಜ್ಞಾನಸ್ವರೂಪದ ವಿಚಾರಕ್ಕೆ ನೇರವಾಗಿ ಸೇರುವುವೇ ಎಂಬ ಆಕ್ಷೇಪವನ್ನು ಹೋಫರ್ ಮತ್ತು ಪಿಂಟ್ರಿಚ್ ಎಂಬವರು 1997ರಲ್ಲಿ ಎತ್ತಿದರು.

ಇದಕ್ಕಿಂತಲೂ ತೊಡಕಾದುದು ವಾಕ್ಯಗಳ ಅರ್ಥ. ಸತ್ಯವು ಬದಲಾಗದೆಂಬ ಮಾತಿಗೆ ಸಮ್ಮತಿ ಕೇಳಿದರೆ, ರೇಖಾಗಣಿತವನ್ನು ನೆನೆದವನು ಹೌದೆನ್ನುವನು; ಅವನೇ ಕಾವ್ಯವಿಮರ್ಶೆಯನ್ನು ನೆನೆದರೆ ಅಲ್ಲವೆನ್ನಬಹುದು. ಬಂದ ಅಂಕವೊಂದನ್ನೇ ನೋಡಿ ಇವನು ಜಡಮತಿಯೆಂದು ತೀರ್ಮಾನಿಸುವ ಅಧ್ಯಾಪಕನು ಆ ಹುಡುಗನಿಗೆ ಅನ್ಯಾಯ ಮಾಡಿದಂತೆಯೇ.

ಹಾಗೆಂದು ಪ್ರಶ್ನಾವಳಿಯು ನಿಷ್ಫಲವೆನ್ನಲಾಗದು. ಶೋಮರ್ ಅವರು ಕೊನೆಯ ಭಾಗವನ್ನು ತೆಗೆದ ಲೇಖನವನ್ನು ಓದಲು ಕೊಟ್ಟು, ಉಪಸಂಹಾರವನ್ನು ವಿದ್ಯಾರ್ಥಿಗಳಿಂದಲೇ ಬರೆಯಿಸಿದರು. ಜ್ಞಾನವು ನಿಶ್ಚಿತವೆಂದು ನಂಬಿದವರು ಸಂದೇಹಕ್ಕೆ ಎಡೆಯಿದ್ದಲ್ಲಿಯೂ ಖಂಡಿತವಾದ ತೀರ್ಪನ್ನು ಬರೆಯುವ ಕಡೆಗೆ ವಾಲಿದರು. ಬೇಗನೆ ಕಲಿಯಬಹುದೆಂದು ನಂಬಿದವರು ವಿಷಯವನ್ನು ಅತಿಯಾಗಿ ಸರಳಗೊಳಿಸಿದುದಲ್ಲದೆ, ತಮಗೆ ತಿಳಿದುದಕ್ಕಿಂತ ಹೆಚ್ಚು ತಿಳಿಯಿತೆಂದೂ ಭಾವಿಸಿದರು.