ಯಕೃತ್ತಿನ ವ್ಯಾಧಿ, ಅಸ್ಥಿಗಳ ಯೋಗಕ್ಷೇಮ

ಹೆಪಟೈಟಿಸ್ ‘ಬಿ’ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ಕಾಮಾಲೆ. ಆ ವ್ಯಾಧಿಗೂ ನಮ್ಮ ಮೂಳೆಗಳಿಗೂ ನಂಟುಂಟೆಂದರೆ ಬಹುಮಂದಿ ಹುಬ್ಬೇರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಹೊರತಂದ ವರದಿಯ ಪ್ರಕಾರ, 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನರ ದೇಹದಲ್ಲಿ ಈ ವೈರಸ್ ನೆಲೆಯೂರಿತ್ತು. ನಮ್ಮ ಸಂಘದ ಕುಟುಂಬಗಳಲ್ಲಿಯೂ ಇಂಥವರು ಇದ್ದೇ ಇರುತ್ತಾರೆ. ಸಕ್ಕರೆ ಕಾಯಿಲೆಯನ್ನು ಊಟದ ಪಂಕ್ತಿಯಲ್ಲಿಯೇ ಚರ್ಚಿಸುವ ನಾವು ಇದನ್ನು ಮಾತ್ರ ಮುಚ್ಚಿಡುತ್ತೇವೆ. ಈ ಲೇಖಕನು ವೈದ್ಯನಲ್ಲ; ವಾಣಿಜ್ಯ ಪದವೀಧರ, ಬ್ಯಾಂಕಿನ ಅಧಿಕಾರಿ, 11 ವರ್ಷಗಳಿಂದ ಈ ವೈರಸ್ಸಿನೊಡನೆ ಬಾಳುತ್ತಿರುವವನು. ವಾಚಕರೊಡನೆ ಈ ನಾಲ್ಕು ಮಾತು ಆಡಲು ಅಷ್ಟೇ ನನಗಿರುವ ಅಧಿಕಾರ.

ಬಿಸಿಲು ತಾಗಿದಾಗ ಚರ್ಮದಲ್ಲಿ ಹುಟ್ಟುವ ಜೀವಸತ್ವ ‘ಡಿ’ ಹಾಗೆಯೇ ಉಪಯೋಗಕ್ಕೆ ಬಾರದು. ಮೊದಲು ಯಕೃತ್ತಿನಲ್ಲಿ, ಅನಂತರ ಮೂತ್ರಪಿಂಡಗಳಲ್ಲಿ ಮಾರ್ಪಾಟು ಹೊಂದಿದ ಮೇಲೆಯೇ ಅದು ಆಹಾರದ ಸುಣ್ಣಾಂಶವನ್ನು ಕರುಳು ಹೀರಿಕೊಳ್ಳುವಂತೆ ಮಾಡುತ್ತದೆ. ಯಕೃತ್ತು ಗಡುಸಾಗಿ ಸಿರೋಸಿಸ್ ಹಂತಕ್ಕೆ ಬಂದವರಲ್ಲಿ ಮೂಳೆ ಸವೆಯುವುದುಂಟೆಂಬುದು ವೈದ್ಯರು ಬಹುಕಾಲದಿಂದ ಬಲ್ಲ ಸಂಗತಿ.

ಇನ್ನೊಂದು ಕಾರಣ ಔಷಧಿಯಲ್ಲಿಯೇ ಇದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿಯಲ್ಲಿ ಟೆನೊಫೊವಿರ್ ಎಂಬ ಮಾತ್ರೆಯನ್ನು ಸರ್ಕಾರ ಉಚಿತವಾಗಿ ಒದಗಿಸುತ್ತದೆ. ಅದರ ಹಳೆಯ ರೂಪ ಡೈಸೊಪ್ರಾಕ್ಸಿಲ್. ದಿನಕ್ಕೆ 300 ಮಿಲಿಗ್ರಾಂ. ವೈರಸ್ಸನ್ನು ಅದುಮಿಡುವುದರಲ್ಲಿ ಇದು ಸಮರ್ಥವಾದುದು; ಸಿರೋಸಿಸ್ಸಿನ ಭಯವನ್ನೂ ಯಕೃತ್ತಿನ ಅರ್ಬುದದ ಭಯವನ್ನೂ ತಗ್ಗಿಸುತ್ತದೆ. ಆದರೆ ಕೆಲವರಲ್ಲಿ ಮೂತ್ರಪಿಂಡದ ಸೂಕ್ಷ್ಮ ನಾಳಗಳನ್ನು ಕೆಣಕಿ, ರಂಜಕಾಂಶವು ಮೂತ್ರದಲ್ಲಿ ಸೋರುವಂತೆ ಮಾಡುತ್ತದೆ. ಮೂಳೆಯ ಸಾಂದ್ರತೆ ಸ್ವಲ್ಪ ಕುಗ್ಗುವುದು ಸಾಮಾನ್ಯ. ಮೂಳೆಯೇ ಮೆತ್ತಗಾಗುವುದು ವಿರಳ. ಟೆನೊಫೊವಿರ್ ಅಲಾಫೆನಮೈಡ್ ಎಂಬ ಹೊಸ ರೂಪ 25 ಮಿಲಿಗ್ರಾಂ ಮಾತ್ರ. ಮೂಳೆ, ಮೂತ್ರಪಿಂಡಗಳ ಮೇಲೆ ಅದರ ಭಾರ ಕಡಿಮೆ. ಎಂಟೆಕವಿರ್ ಎಂಬ ಮತ್ತೊಂದು ಔಷಧಿಯೂ ಇದೆ. ಅರವತ್ತು ದಾಟಿದವರಿಗೂ ಮೂಳೆ ದುರ್ಬಲವಾದವರಿಗೂ ಇವೆರಡರಲ್ಲಿ ಒಂದನ್ನು ವೈದ್ಯರು ಆಯ್ದುಕೊಳ್ಳುವುದುಂಟು.

ಇದನ್ನೋದಿ ಯಾರೂ ಇಂದು ರಾತ್ರಿಯೇ ಮಾತ್ರೆಯನ್ನು ಬಿಟ್ಟುಬಿಡಬಾರದು. ಹಠಾತ್ತಾಗಿ ನಿಲ್ಲಿಸಿದರೆ ವೈರಸ್ ಮತ್ತೆ ಹೆಡೆಯೆತ್ತಿ ಯಕೃತ್ತೇ ವಿಫಲವಾಗುವ ಸಂಭವವಿದೆ. ಬದಲಾವಣೆ ಬೇಕೋ ಬೇಡವೋ ಎಂಬುದನ್ನು ವೈದ್ಯರು ತೀರ್ಮಾನಿಸಲಿ.

ಮೂಳೆಯ ಸಾಂದ್ರತೆಯನ್ನು ಅಳೆಯುವ ಕ್ಷ-ಕಿರಣ ಪರೀಕ್ಷೆಗೆ ಡೆಕ್ಸಾ ಎಂದು ಹೆಸರು. ನೋವಿಲ್ಲ, ಹತ್ತು ಹದಿನೈದು ನಿಮಿಷದ ಕೆಲಸ. ಆರೋಗ್ಯವಂತ ಯುವಕರ ಮೂಳೆಯೊಡನೆ ಹೋಲಿಸಿ ಅಂಕ ಕೊಡುತ್ತಾರೆ. ಋಣ 1ರವರೆಗೆ ಚಿಂತೆಯಿಲ್ಲ, ಋಣ 2.5 ಅಥವಾ ಅದಕ್ಕಿಂತ ಕೆಳಗಿಳಿದರೆ ಮೂಳೆ ಟೊಳ್ಳಾಗಿದೆಯೆಂದರ್ಥ. ನನ್ನದು ಋಣ 1.7 ಎಂದು ಬಂದಿತು. ಋಣಚಿಹ್ನೆ ಕಂಡೊಡನೆ ಬ್ಯಾಂಕಿನವನ ಎದೆ ಝಲ್ಲೆನ್ನುವುದು ಸಹಜ! ವೈದ್ಯರು ರಂಜಕ, ಕ್ರಿಯಾಟಿನಿನ್, ಜೀವಸತ್ವ ‘ಡಿ’ಗಳನ್ನು ಪರೀಕ್ಷಿಸಿ ಮಾತ್ರೆಯನ್ನು ಬದಲಿಸಿದರು.

ದೆಹಲಿಯ ವಾಯುವೂ ಇಲ್ಲಿ ಪಾತ್ರಧಾರಿ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಳೆಯ ದೆಹಲಿಯ ಮೋರಿ ಗೇಟ್ ಬಡಾವಣೆಯ ಎಳೆಯ ಮಕ್ಕಳ ರಕ್ತದಲ್ಲಿ ಜೀವಸತ್ವ ‘ಡಿ’ ಸರಾಸರಿ 12.4 ನ್ಯಾನೊಗ್ರಾಂ ಇದ್ದರೆ, ಅಂದು ಹೊಗೆ ಕಡಿಮೆಯಿದ್ದ ಗುರುಗಾಂವಿನ ಮಕ್ಕಳಲ್ಲಿ 27.1 ಇತ್ತು. ಬಿಸಿಲಿನ ಕಿರಣಗಳನ್ನು ಹೊಗೆ, ಧೂಳು ತಡೆಯುವುದೇ ಇದಕ್ಕೆ ಕಾರಣವೆಂದು ಸಂಶೋಧಕರು ಕಂಡರು. ಇಂದಿನ ಗುರುಗ್ರಾಮಕ್ಕೆ ಆ ಹೆಗ್ಗಳಿಕೆ ಉಳಿದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕಚೇರಿಯ ದೀಪದಡಿ ಕೂರುವ ನಮ್ಮಂಥವರ ಪಾಡನ್ನು ಹೇಳಬೇಕಾದುದಿಲ್ಲ.

ಆಹಾರದ ವಿಷಯದಲ್ಲಿ ಮಾತ್ರ ಕನ್ನಡಿಗರು ಭಾಗ್ಯವಂತರು. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಸುಣ್ಣಾಂಶ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಕ್ಕಿಯಲ್ಲಿ ಹತ್ತರ ಆಸುಪಾಸು. ಊರಿನಿಂದ ರಾಗಿ ಹಿಟ್ಟು ತರಿಸಲಾಗದವರು ಇಲ್ಲಿನ ಅಂಗಡಿಯಲ್ಲಿ ‘ಮಂಡುವಾ’ ಎಂದು ಕೇಳಲಿ; ಉತ್ತರಾಖಂಡದವರು ನಮ್ಮ ರಾಗಿಯನ್ನು ಕರೆಯುವ ಹೆಸರದು. ಮೊಸರು, ಎಳ್ಳು, ನುಗ್ಗೆಸೊಪ್ಪುಗಳೂ ಇರಲಿ. ಮದ್ಯ, ತಂಬಾಕುಗಳು ಯಕೃತ್ತಿಗೂ ಮೂಳೆಗೂ ಒಟ್ಟಿಗೇ ವೈರಿಗಳು.

ಜೀವಸತ್ವ ‘ಡಿ’ಯ 60,000 ಯೂನಿಟ್ಟುಗಳ ಪೊಟ್ಟಣವನ್ನು ರಕ್ತಪರೀಕ್ಷೆಯಿಲ್ಲದೆ, ವೈದ್ಯರನ್ನೂ ಕೇಳದೆ ವಾರವಾರವೂ ನುಂಗುತ್ತಲೇ ಇರುವವರನ್ನು ನಾನು ಬಲ್ಲೆ. ಅತಿಯಾದರೆ ರಕ್ತದಲ್ಲಿ ಸುಣ್ಣಾಂಶ ಮಿತಿಮೀರಿ ಮೂತ್ರಪಿಂಡಕ್ಕೇ ಕೇಡು. ಟೆನೊಫೊವಿರ್ ಸೇವಿಸುವವರು ಎಲ್ಲಕ್ಕಿಂತ ಹೆಚ್ಚಾಗಿ ಕಾಪಾಡಿಕೊಳ್ಳಬೇಕಾದ ಅಂಗವೂ ಅದೇ.