ಪದವಿ ವ್ಯಾಸಂಗವೂ ವೃತ್ತಿಸಿದ್ಧತೆಯೂ

ನಮ್ಮ ಪದವಿ ಕಾಲೇಜುಗಳಲ್ಲಿ ಅಂತಿಮ ವರ್ಷದ ಕೊನೆಯ ಸೆಮಿಸ್ಟರು ಅರ್ಧ ಕಳೆಯುವ ವೇಳೆಗೆ ಸೂಚನಾಫಲಕದ ಮೇಲೆ ಪ್ಲೇಸ್‌ಮೆಂಟ್ ಸೆಲ್ಲಿನ ಪ್ರಕಟಣೆಯೊಂದು ಕಾಣಿಸಿಕೊಳ್ಳುತ್ತದೆ. ಒಂದು ದಿನ ಬಯೋಡೇಟ ಬರೆಯುವ ಕ್ರಮ, ಒಂದು ದಿನ ಸಂದರ್ಶನದಲ್ಲಿ ಮಾತನಾಡುವ ರೀತಿ, ಇನ್ನೊಂದು ದಿನ ಆಯ್ಕೆಯ ಪರೀಕ್ಷೆಗಳಲ್ಲಿ ಬರುವ ಲೆಕ್ಕಗಳು, ಹೀಗೆ ಎರಡು ಮೂರು ದಿನಗಳ ಶಿಬಿರ ನಡೆದು, ಅದರ ಬೆನ್ನಿಗೇ ಯಾವುದಾದರೊಂದು ಕಂಪನಿಯವರು ಬಂದು, ಮಕ್ಕಳನ್ನು ಸಾಲಾಗಿ ಕೂರಿಸಿ, ಕೆಲವರ ಹೆಸರುಗಳನ್ನು ಗುರುತು ಹಾಕಿಕೊಂಡು ಹೊರಟುಹೋಗುತ್ತಾರೆ. ಎರಡೂವರೆ ವರ್ಷಗಳ ಕಾಲ ಜೀವಿಕೆಯ ವಿಚಾರವನ್ನೇ ಎತ್ತದಿದ್ದ ವಿದ್ಯಾಸಂಸ್ಥೆಯು ಕಡೆಯ ಗಳಿಗೆಯಲ್ಲಿ ಕೈಗೊಳ್ಳುವ ಈ ಏರ್ಪಾಟನ್ನು ನೋಡಿದಾಗ ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಮಾತು ನೆನಪಿಗೆ ಬಾರದಿರದು. ಶಿಬಿರವನ್ನು ನಡೆಸುವ ಅಧ್ಯಾಪಕರ ಶ್ರದ್ಧೆಯಲ್ಲಿ ಲೋಪವಿದೆಯೆಂದು ನಾನು ಹೇಳುತ್ತಿಲ್ಲ. ಮೂರು ವರ್ಷಗಳುದ್ದಕ್ಕೂ ನಡೆಯತಕ್ಕ ಕಾರ್ಯವನ್ನು ಮೂರು ದಿನಗಳಲ್ಲಿ ಪೂರೈಸುವುದು ಎಂತಹ ಅಧ್ಯಾಪಕರಿಂದಲೂ ಆಗದು.

ಈ ವಿಳಂಬದಿಂದ ಎಲ್ಲರಿಗೂ ಸಮನಾದ ನಷ್ಟವಾಗುವುದಿಲ್ಲವೆಂಬುದೇ ಇದರಲ್ಲಿರುವ ಅನ್ಯಾಯ. ಯಾರ ಮನೆಯಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ಚಿಕ್ಕಪ್ಪನೋ, ಬೆಂಗಳೂರಿನ ಕಂಪನಿಯಲ್ಲಿರುವ ಅಕ್ಕನೋ ಇದ್ದಾರೆಯೋ ಅಂತಹವರಿಗೆ ಯಾವ ಪರೀಕ್ಷೆಗೆ ಯಾವಾಗ ಅರ್ಜಿ ಹಾಕಬೇಕು, ಕಚೇರಿಯಲ್ಲಿ ಪತ್ರವ್ಯವಹಾರ ಹೇಗೆ ನಡೆಯುತ್ತದೆ, ಲೆಕ್ಕಪರಿಶೋಧಕನ ಬಳಿ ಎರಡು ವರ್ಷ ದುಡಿದರೆ ಮುಂದೇನು ಪ್ರಯೋಜನವಾದೀತು ಎಂಬಿವೆಲ್ಲವೂ ಊಟದ ಹೊತ್ತಿನ ಮಾತುಕತೆಯಲ್ಲಿಯೇ ತಿಳಿದುಹೋಗಿರುತ್ತವೆ. ತನ್ನ ವಂಶದಲ್ಲಿಯೇ ಮೊದಲಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಗಾದರೋ ಇದನ್ನು ಹೇಳಿಕೊಡುವವರು ಕಾಲೇಜಿನವರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಕಾಲೇಜು ಕೊನೆಯ ತನಕ ಮೌನವಾಗಿದ್ದರೆ, ಆಕೆಯ ಬುದ್ಧಿಗೂ ಪರಿಶ್ರಮಕ್ಕೂ ಸಲ್ಲಬೇಕಾದುದು ಆಕೆಗೆ ಸಲ್ಲದೆ ಹೋಗುತ್ತದೆ. ಆದುದರಿಂದ ವೃತ್ತಿಸಿದ್ಧತೆಯೆಂಬುದು ಪ್ರಥಮ ವರ್ಷದ ಮೊದಲ ತಿಂಗಳಿನಿಂದಲೇ, ಪ್ರತ್ಯೇಕವಾದ ಒಂದು ಸೆಲ್ಲಿನ ಸ್ವತ್ತಾಗಿರದೆ ಪ್ರತಿಯೊಂದು ವಿಷಯದ ಪಾಠದೊಳಗೇ, ಆ ವಿಷಯದ ಅಧ್ಯಾಪಕರಿಂದಲೇ ನಡೆಯತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದು ಹೊಸದಾಗಿ ಕಲ್ಪಿಸಿಕೊಂಡ ವಿಚಾರವಲ್ಲ. ಅಮೆರಿಕದ ಓಹಾಯೊ ಸಂಸ್ಥಾನದ ಸಿನ್ಸಿನಾಟಿ ನಗರದಲ್ಲಿ, ಯಂತ್ರಗಳನ್ನು ನಿರ್ಮಿಸುವ ಯಂತ್ರಗಳ ಕೈಗಾರಿಕೆ ಬೇರೂರಿದ್ದ ಆ ಊರಿನಲ್ಲಿ, ಹರ್ಮನ್ ಷ್ನೈಡರ್ ಎಂಬ ಎಂಜಿನಿಯರಿಂಗ್ ಪ್ರಾಧ್ಯಾಪಕರು 1906ರಲ್ಲಿಯೇ ಇದನ್ನು ಕಾರ್ಯತಃ ಆರಂಭಿಸಿದರು. ಎಷ್ಟೇ ಧನವಿದ್ದರೂ ಒಂದು ವಿಶ್ವವಿದ್ಯಾನಿಲಯವು ಕಾರ್ಖಾನೆಗಳಲ್ಲಿರುವ ಯಂತ್ರಗಳನ್ನೆಲ್ಲ ಕೊಂಡು ತನ್ನ ಕಾರ್ಯಾಗಾರದಲ್ಲಿ ಇಟ್ಟುಕೊಳ್ಳಲಾರದು. ಇಟ್ಟುಕೊಂಡರೂ ಅವು ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ. ಹೀಗಿರುವಾಗ ಊರಿನ ಕಾರ್ಖಾನೆಗಳನ್ನೇ ಪ್ರಯೋಗಶಾಲೆಗಳೆಂದು ಏಕೆ ಭಾವಿಸಬಾರದು ಎಂಬುದು ಅವರ ವಿಚಾರಸರಣಿ. ವಿಶ್ವವಿದ್ಯಾನಿಲಯದ ಆಡಳಿತ ಮಂಡಲಿಯು ಬಹಳ ಹಿಂಜರಿಕೆಯಿಂದ, ಒಂದು ವರ್ಷದ ಪರೀಕ್ಷೆಯೆಂದು ಮಾತ್ರ ಒಪ್ಪಿಗೆ ನೀಡಿತು. ಮೊದಲ ತಂಡದಲ್ಲಿದ್ದವರು 27 ಮಂದಿ. ಈ ಪದ್ಧತಿಯಲ್ಲಿ ವಿದ್ಯಾರ್ಥಿಗಳನ್ನು ಇಬ್ಬಿಬ್ಬರ ಜೋಡಿಗಳನ್ನಾಗಿ ಮಾಡಲಾಗುತ್ತಿತ್ತು. ಜೋಡಿಯಲ್ಲಿ ಒಬ್ಬನು ತರಗತಿಯಲ್ಲಿ ಕುಳಿತಿರುವ ವಾರ ಇನ್ನೊಬ್ಬನು ಕಾರ್ಖಾನೆಯಲ್ಲಿ ಕೂಲಿ ಪಡೆದು ದುಡಿಯುವನು. ಮರುವಾರ ಇಬ್ಬರೂ ಸ್ಥಾನ ಬದಲಿಸುವರು. ಇದರಿಂದ ಕಾರ್ಖಾನೆಯ ಯಂತ್ರದ ಮುಂದೆ ಕೆಲಸಗಾರನ ಸ್ಥಾನ ಒಂದು ದಿನವೂ ತೆರವಾಗುತ್ತಿರಲಿಲ್ಲ. ಮಾಲೀಕನಿಗೆ ಆಕ್ಷೇಪಿಸಲು ಕಾರಣವೂ ಇರುತ್ತಿರಲಿಲ್ಲ.

ಈ ವ್ಯವಸ್ಥೆಯ ಕೀಲು ವಾರದ ಸರದಿಯಲ್ಲಿರಲಿಲ್ಲವೆಂದು ನನಗೆ ತೋರುತ್ತದೆ. ಸಂಯೋಜಕರೆಂಬ ಹೆಸರಿನ ಅಧ್ಯಾಪಕರನ್ನು ಷ್ನೈಡರರು ನೇಮಿಸಿಕೊಂಡಿದ್ದರು. ಇವರು ದಿನದ ಒಂದು ಭಾಗವನ್ನು ಕಾಲೇಜಿನಲ್ಲಿ ಕಳೆದು, ಉಳಿದ ಭಾಗದಲ್ಲಿ ಕಾರ್ಖಾನೆಗಳಿಗೆ ಹೋಗಿ, ತಮ್ಮ ಹುಡುಗನು ಯಾವ ಯಂತ್ರದ ಮುಂದೆ ನಿಂತಿದ್ದಾನೆ, ಅವನ ಕೈಯಲ್ಲಿರುವ ಲೋಹದ ತುಂಡು ಮುಂದೆ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದನ್ನು ನೋಡಿಕೊಂಡು ಬರುತ್ತಿದ್ದರು. ಆ ಹುಡುಗನು ತರಗತಿಗೆ ಹಿಂತಿರುಗಿದ ವಾರದಲ್ಲಿ ಆ ಕೆಲಸವನ್ನೇ ಕುರಿತು ಚರ್ಚೆ ನಡೆಯುತ್ತಿತ್ತು. ಈ ಸಂಯೋಜಕರಿಲ್ಲದಿದ್ದ ಪಕ್ಷದಲ್ಲಿ ಕಾರ್ಖಾನೆಯ ವಾರವು ಬರಿಯ ಕೂಲಿಯಾಗಿಯೂ ತರಗತಿಯ ವಾರವು ಬರಿಯ ಪುಸ್ತಕವಾಗಿಯೂ ಉಳಿದುಬಿಡುತ್ತಿದ್ದುವು. ನಮ್ಮಲ್ಲಿ ಇಂದು ಇಂಟರ್ನ್‌ಶಿಪ್ ಎಂಬ ಹೆಸರಿನಲ್ಲಿ ನಡೆಯುವುದರಲ್ಲಿ ಬಹುಪಾಲು ನಿಷ್ಫಲವಾಗುತ್ತಿರುವುದು ಈ ಕೊಂಡಿ ಇಲ್ಲದ ಕಾರಣದಿಂದಲೇ. ವಿದ್ಯಾರ್ಥಿಯು ಎಲ್ಲಿಂದಲೋ ಒಂದು ಪ್ರಮಾಣಪತ್ರವನ್ನು ತರುತ್ತಾನೆ, ಅಧ್ಯಾಪಕರು ಅದನ್ನು ಕಡತಕ್ಕೆ ಸೇರಿಸುತ್ತಾರೆ. ಅವನು ಅಲ್ಲಿ ಏನು ಕಂಡನೆಂದು ಕೇಳಲು ವೇಳಾಪಟ್ಟಿಯಲ್ಲಿ ಒಂದು ಗಂಟೆಯೂ ಇರುವುದಿಲ್ಲ.

ಷ್ನೈಡರರ ಪದ್ಧತಿ ಎಂಜಿನಿಯರಿಂಗಿಗೆ ಮಾತ್ರ ಸಲ್ಲತಕ್ಕದ್ದೆಂದು ಯಾರಾದರೂ ಹೇಳಿಯಾರು. ಅದೇ ಓಹಾಯೊದ ಆಂಟಿಯಾಕ್ ಕಾಲೇಜಿನಲ್ಲಿ ಆರ್ಥರ್ ಮಾರ್ಗನ್ನರು 1921ರಲ್ಲಿ, ಸಾಹಿತ್ಯ, ಚರಿತ್ರೆ, ತತ್ತ್ವಶಾಸ್ತ್ರಗಳನ್ನು ಅಭ್ಯಸಿಸುವವರಿಗೂ ವ್ಯಾಸಂಗದ ಅವಧಿ, ದುಡಿಮೆಯ ಅವಧಿ ಎಂಬ ಸರದಿಯನ್ನು ಏರ್ಪಡಿಸಿ, ಆ ಶಂಕೆಯನ್ನು ಪರಿಹರಿಸಿದರು. ಈ ಮಾರ್ಗನ್ನರ ಹೆಸರು ನಮಗೆ ಪರಕೀಯವಲ್ಲ. ಸ್ವಾತಂತ್ರ್ಯಾನಂತರ 1948ರಲ್ಲಿ ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ರಚಿತವಾದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗದಲ್ಲಿ ಅವರೂ ಒಬ್ಬ ಸದಸ್ಯರಾಗಿದ್ದರು. ವ್ಯಾಸಂಗವೂ ಗ್ರಾಮದ ದುಡಿಮೆಯೂ ಒಂದಾಗಿ ಸಾಗುವ ಗ್ರಾಮೀಣ ವಿಶ್ವವಿದ್ಯಾನಿಲಯಗಳ ಕಲ್ಪನೆಯನ್ನು ಆ ಆಯೋಗದ ವರದಿಯು ಮುಂದಿಟ್ಟಿತು. ರಾಜಸ್ಥಾನದ ಪಿಲಾನಿಯ ಬಿರ್ಲಾ ತಾಂತ್ರಿಕ ವಿಜ್ಞಾನ ಸಂಸ್ಥೆಯಲ್ಲಿ 1973ರಿಂದ ಪ್ರಾಕ್ಟೀಸ್ ಸ್ಕೂಲ್ ಎಂಬ ಏರ್ಪಾಡು ನಡೆದುಬಂದಿದೆ. ಅಲ್ಲಿಯೂ ಸಂಸ್ಥೆಯ ಅಧ್ಯಾಪಕರು ಕಾರ್ಖಾನೆಯಿರುವಲ್ಲಿಯೇ ವಿದ್ಯಾರ್ಥಿಗಳೊಡನಿದ್ದು ಮೌಲ್ಯಮಾಪನ ಮಾಡುವ ಕ್ರಮವನ್ನು ಇಟ್ಟುಕೊಂಡದ್ದು ಗಮನಾರ್ಹ.

ಪಿಲಾನಿಯ ಸಂಸ್ಥೆಗೆ ದೊಡ್ಡ ಉದ್ಯಮಗಳ ನೆರವುಂಟು, ಸಿನ್ಸಿನಾಟಿಯಲ್ಲಿ ಕಾರ್ಖಾನೆಗಳುಂಟು, ತಾಲ್ಲೂಕು ಕೇಂದ್ರದಲ್ಲಿರುವ ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಸುತ್ತ ಏನುಂಟು ಎಂದು ಕೇಳುವವರಿದ್ದಾರೆ. ಹಾಲಿನ ಡೈರಿಯುಂಟು, ಸಹಕಾರ ಸಂಘವುಂಟು, ಎ.ಪಿ.ಎಂ.ಸಿ. ಯಾರ್ಡು, ಆಸ್ಪತ್ರೆ, ಪುರಸಭೆ, ನ್ಯಾಯಾಲಯ, ಮುದ್ರಣಾಲಯಗಳುಂಟು.

ಹಾಲಿನ ಡೈರಿಯ ಒಂದು ಸಂಗತಿಯನ್ನೇ ಕೊಂಚ ವಿವರವಾಗಿ ನೋಡೋಣ. ರಸಾಯನಶಾಸ್ತ್ರವನ್ನು ಓದುತ್ತಿರುವ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಮುಂಜಾನೆ ಡೈರಿಯಲ್ಲಿ ನಿಂತು ಲ್ಯಾಕ್ಟೋಮೀಟರನ್ನು ಹಾಲಿನಲ್ಲಿ ತೇಲಬಿಡುತ್ತಾಳೆಂದು ಭಾವಿಸಿ. ನೀರು ಬೆರೆಸಿದರೆ ಹಾಲಿನ ಸಾಂದ್ರತೆ ಇಳಿಯುತ್ತದೆಂಬುದನ್ನು ಆಕೆ ಪಾಠದಲ್ಲಿ ಕಲಿತಿದ್ದಾಳೆ. ಆದರೆ ಕೊಬ್ಬು ನೀರಿಗಿಂತ ಹಗುರವಾದುದರಿಂದ ಕೆನೆ ತೆಗೆದ ಹಾಲಿನ ಸಾಂದ್ರತೆ ಏರುತ್ತದೆ. ಮೊದಲು ಕೆನೆ ತೆಗೆದು ಬಳಿಕ ಹದವರಿತು ನೀರು ಬೆರೆಸಿದ ಹಾಲು ಲ್ಯಾಕ್ಟೋಮೀಟರಿನ ಮುಂದೆ ಶುದ್ಧವೆಂದೇ ತೋರುತ್ತದೆ! ಆ ಒಂದು ಉಪಕರಣವನ್ನು ನಂಬಿದರೆ ಮೋಸಹೋಗಬೇಕಾದೀತೆಂದು ಅರಿವಾದಾಗ, ಗೆರ್ಬರ್ ವಿಧಾನದ ಪ್ರಯೋಜನ ಆಕೆಗೆ ಮನದಟ್ಟಾಗುತ್ತದೆ: ಗಂಧಕಾಮ್ಲವು ಹಾಲಿನ ಇತರ ಘನಾಂಶಗಳನ್ನೆಲ್ಲ ಕರಗಿಸಿ, ಅಮೈಲ್ ಆಲ್ಕೊಹಾಲಿನ ನೆರವಿನಿಂದ ಕೊಬ್ಬು ಬೇರ್ಪಟ್ಟು, ಯಂತ್ರದಲ್ಲಿ ರಭಸದಿಂದ ತಿರುಗಿಸಿದಾಗ ಗೆರೆಗಳಿರುವ ಗಾಜಿನ ಕೊಳವೆಯಲ್ಲಿ ಅದು ಮೇಲಕ್ಕೆ ಬಂದು ನಿಲ್ಲುತ್ತದೆ. ಇಂದು ಬಹಳ ಕಡೆ ವಿದ್ಯುನ್ಮಾನ ಯಂತ್ರವೇ ಕ್ಷಣಾರ್ಧದಲ್ಲಿ ಅಂಕಿಗಳನ್ನು ಹೇಳಿಬಿಡುವುದಾದರೂ, ಆ ಯಂತ್ರ ಸರಿಯಾಗಿದೆಯೇ ಎಂದು ಪರೀಕ್ಷಿಸಬಲ್ಲವನು ಒಳಗಿನ ಶಾಸ್ತ್ರವನ್ನು ಬಲ್ಲವನೇ. ಕೊಬ್ಬಿನ ಅಂಶದಲ್ಲಿ ಸ್ವಲ್ಪವೇ ವ್ಯತ್ಯಾಸವಾದರೂ ಒಬ್ಬ ರೈತ ಮಹಿಳೆಯ ಪಾವತಿಯಲ್ಲಿ ವ್ಯತ್ಯಾಸವಾಗುತ್ತದೆಂಬುದನ್ನು ಆ ವಿದ್ಯಾರ್ಥಿನಿ ಕಣ್ಣಾರೆ ಕಂಡಮೇಲೆ, ಅಳತೆಯಲ್ಲಿ ನಿಷ್ಕೃಷ್ಟತೆ ಎಂಬುದು ಆಕೆಗೆ ಪ್ರಯೋಗಪುಸ್ತಕದ ಅಂಕಗಳ ಪ್ರಶ್ನೆಯಾಗಿ ಉಳಿಯುವುದಿಲ್ಲ. ಗುಣಮಟ್ಟ ಪರೀಕ್ಷಕರ ಹುದ್ದೆಗೆ ಸಂದರ್ಶನವಾದರೆ ಆಕೆ ಹೇಳಬೇಕಾದುದನ್ನು ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ.

ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಲೆಕ್ಕದ ಪುಸ್ತಕಗಳು ಅಂತಹುದೇ ಅವಕಾಶವನ್ನು ಒದಗಿಸುತ್ತವೆ. ಪಠ್ಯಪುಸ್ತಕದ ತಾಳೆಪಟ್ಟಿ ಕೊನೆಗೆ ತಾಳೆಯಾಗಿಯೇ ತೀರುತ್ತದೆ. ಸಂಘದ ತಾಳೆಪಟ್ಟಿ ತಾಳೆಯಾಗದಿದ್ದಾಗ ಕಿರ್ದಿಯನ್ನು ಹಿಂದುಹಿಂದಕ್ಕೆ ತಿರುವಿ ತಪ್ಪಿದ ಒಂದು ನಮೂದನ್ನು ಹುಡುಕುವ ಸಹನೆ ಪುಸ್ತಕದಿಂದ ಬರುವಂತಹುದಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಸ್ಥಾಪಿತವಾದುದು ಗದಗಿನ ಬಳಿಯ ಕಣಗಿನಹಾಳದಲ್ಲಿ. ಆ ಪರಂಪರೆಗೆ ವಾರಸುದಾರರಾದ ನಮ್ಮ ಬಿ.ಕಾಂ. ಪದವೀಧರರಲ್ಲಿ ಸಹಕಾರ ಸಂಘದ ಬಾಗಿಲನ್ನೇ ತುಳಿಯದವರು ಎಷ್ಟೋ ಮಂದಿ ಇರುವುದು ಖೇದಕರ. ಚರಿತ್ರೆಯ ವಿದ್ಯಾರ್ಥಿಗಳು ತಮ್ಮ ಊರಿನ ಶಾಸನಗಳನ್ನೂ ಹಳೆಯ ದಾಖಲೆಗಳನ್ನೂ ಪಟ್ಟಿಮಾಡಿ, ಛಾಯಾಚಿತ್ರ ತೆಗೆದು, ಪ್ರವಾಸಿಗೆ ಅರ್ಥವಾಗುವಂತೆ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಒಂದೊಂದು ಪುಟ ಬರೆಯಬಲ್ಲರು.

ಇದನ್ನೆಲ್ಲ ಮೂರು ವರ್ಷಗಳಲ್ಲಿ ಕ್ರಮವಾಗಿ ಹರಡುವುದು ಕಷ್ಟವಲ್ಲ. ಮೊದಲ ವರ್ಷ ನೋಡುವುದಕ್ಕೂ ಕೇಳುವುದಕ್ಕೂ ಮೀಸಲು: ಅದೇ ಕಾಲೇಜಿನಲ್ಲಿ ಓದಿ ಇಂದು ಅಂಚೆ ಕಚೇರಿಯಲ್ಲೋ ಔಷಧ ಕಂಪನಿಯಲ್ಲೋ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳನ್ನು ಕರೆಸಿ, ಅವರ ದಿನ ಹೇಗೆ ಸಾಗುತ್ತದೆಂದು ಕೇಳುವುದು. ವೇದಿಕೆಯ ಭಾಷಣಕ್ಕಿಂತ ತರಗತಿಯಲ್ಲಿ ಮೂವತ್ತು ಮಂದಿಯ ಎದುರು ಪ್ರಶ್ನೋತ್ತರವಾಗಿ ನಡೆದರೆ ಲೇಸು. ಎರಡನೆಯ ವರ್ಷ ಊರಿನೊಳಗೇ ಸಣ್ಣ ಕೆಲಸ, ಅದರ ಲಿಖಿತ ವರದಿ, ಆ ವರದಿಯನ್ನು ಹತ್ತು ನಿಮಿಷ ನಿಂತು ಓದಿ ಹೇಳುವ ಅಭ್ಯಾಸ. ಮೂರನೆಯ ವರ್ಷ ದೀರ್ಘವಾದ ಕಾರ್ಯಾನುಭವ. ಇಂಗ್ಲಿಷಿನಲ್ಲಿ ಮಾತನಾಡುವ ಅಳುಕು ಕೂಡ ತಾನು ಕೈಯಾರೆ ಮಾಡಿದ ಕೆಲಸದ ಕುರಿತು ಮಾತನಾಡುವಾಗ ಬಹಳಮಟ್ಟಿಗೆ ಕಡಮೆಯಾಗುತ್ತದೆ, ಏಕೆಂದರೆ ಹೇಳುವುದಕ್ಕೆ ವಿಷಯವುಂಟು.

ಹೀಗೆ ಮಾಡಿದರೆ ಉದಾರ ಶಿಕ್ಷಣದ ಉದ್ದೇಶವೇ ಕೆಟ್ಟು, ಕಾಲೇಜು ಗುಮಾಸ್ತರನ್ನು ತಯಾರಿಸುವ ಕಾರ್ಖಾನೆಯಾದೀತೆಂದು ಅಂಜುವ ಹಿರಿಯರ ಮಾತನ್ನು ನಾನು ಲಘುವಾಗಿ ಎಣಿಸುವುದಿಲ್ಲ. ಮಾರುಕಟ್ಟೆಗೆ ಇಂದು ಬೇಕಾದುದನ್ನಷ್ಟೇ ಕಲಿಸುವೆವೆಂದು ಹೊರಟ ಪಠ್ಯಕ್ರಮವು ಹತ್ತು ವರ್ಷಗಳಲ್ಲಿ ನಿರುಪಯುಕ್ತವಾಗುವುದು ನಿಶ್ಚಯ. ಆದರೆ ಮೇಲೆ ಹೇಳಿದ ಡೈರಿಯ ಉದಾಹರಣೆಯಲ್ಲಿ ರಸಾಯನಶಾಸ್ತ್ರದ ಗೌರವ ಕಿಂಚಿತ್ತೂ ಕುಂದಲಿಲ್ಲ. ಶಾಸ್ತ್ರವು ಇನ್ನಷ್ಟು ಆಳವಾಗಿಯೇ ಬೇಕಾಯಿತು. ಕವಿತೆಯನ್ನು ಓದುವ ಗಂಟೆಯನ್ನು ಕಿತ್ತು ಅಲ್ಲಿ ವ್ಯಕ್ತಿತ್ವ ವಿಕಸನದ ಗಂಟೆಯನ್ನು ಇಡುವುದಾದರೆ ನಾನು ಆ ಹಿರಿಯರ ಪಕ್ಷವನ್ನೇ ವಹಿಸುತ್ತೇನೆ.

ಕಾನೂನಿನ ಬೆಂಬಲ ಈಗಾಗಲೇ ಉಂಟು. 1961ರ ಅಪ್ರೆಂಟಿಸ್ ಕಾಯಿದೆಯು 2014ರ ತಿದ್ದುಪಡಿಯ ತರುವಾಯ ಎಂಜಿನಿಯರಿಂಗ್ ಓದದ ಪದವೀಧರರನ್ನೂ ಒಳಗೊಳ್ಳುತ್ತದೆ, 2020ರಲ್ಲಿ ಯು.ಜಿ.ಸಿ.ಯು ಅಪ್ರೆಂಟಿಸ್ ತರಬೇತಿಯನ್ನು ಪದವಿಯೊಳಗೇ ಸೇರಿಸಿಕೊಳ್ಳಲು ಮಾರ್ಗಸೂಚಿಯನ್ನು ಹೊರಡಿಸಿತು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸಿನ್ಸಿನಾಟಿಯ ಹುಡುಗರು ದುಡಿದುದಕ್ಕೆ ಕೂಲಿ ಪಡೆದರು. ನಮ್ಮಲ್ಲಿ ಪುಕ್ಕಟೆ ಇಂಟರ್ನ್‌ಶಿಪ್ ಮಾಡಿಸಿಕೊಳ್ಳುವ, ಕೆಲವೆಡೆ ವಿದ್ಯಾರ್ಥಿಯಿಂದಲೇ ಶುಲ್ಕ ಕೀಳುವ ರೂಢಿ ಬೆಳೆದಿದೆ. ಬಸ್ಸಿನ ಖರ್ಚಿಗೂ ಯೋಚಿಸುವ ಮನೆಯ ಮಕ್ಕಳು ಇದರಿಂದ ಮೊದಲೇ ಹೊರಗುಳಿಯುತ್ತಾರೆ. ಸ್ಟೈಪೆಂಡ್ ನೀಡದ ಸಂಸ್ಥೆಯೊಡನೆ ಕಾಲೇಜು ಒಪ್ಪಂದ ಮಾಡಿಕೊಳ್ಳಕೂಡದು.

ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷಗಳ ಪದವಿ ಬಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಪಠ್ಯಕ್ರಮ ಹೀಗೆ ಹೊರಳಾಡುವಾಗ ತರಗತಿಗೂ ಊರಿಗೂ ನಡುವೆ ಓಡಾಡಬೇಕಾದ ಅಧ್ಯಾಪಕರ ಹೊತ್ತನ್ನು ಕುರಿತು ಯೋಚಿಸಿದವರು ವಿರಳ. ಸಿನ್ಸಿನಾಟಿಯ ಸಂಯೋಜಕರಿಗೆ ಕಾರ್ಖಾನೆಯಲ್ಲಿ ಕಳೆದ ಹೊತ್ತು ಕರ್ತವ್ಯದ ಹೊತ್ತೇ ಆಗಿತ್ತು. ನಮ್ಮ ಕಾಲೇಜಿನಲ್ಲಿ ಕಾರ್ಯಭಾರವೆಂದರೆ ತರಗತಿಯ ಗಂಟೆಗಳು. ಡೈರಿಯಲ್ಲೋ ಸಂಘದ ಕಚೇರಿಯಲ್ಲೋ ವಿದ್ಯಾರ್ಥಿಗಳೊಡನೆ ಕಳೆದ ಮಧ್ಯಾಹ್ನ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಸರ್ಕಾರಿ ಕಾಲೇಜುಗಳ ಬೋಧನೆಯ ದೊಡ್ಡ ಪಾಲನ್ನು ಹೊತ್ತಿರುವ ಅತಿಥಿ ಉಪನ್ಯಾಸಕರಿಗಂತೂ ಮುಂದಿನ ವರ್ಷ ತಾವು ಅದೇ ಊರಿನಲ್ಲಿ ಇರುವೆವೆಂಬ ಭರವಸೆಯೇ ಇಲ್ಲದಿರುವಾಗ, ಊರಿನ ಸಂಸ್ಥೆಗಳೊಡನೆ ಅವರು ಬಾಂಧವ್ಯ ಬೆಳೆಸುವುದಾದರೂ ಹೇಗೆ? ವರ್ಷಾರಂಭದಲ್ಲಿ ಪ್ರತಿ ವಿಭಾಗವೂ ಸಿದ್ಧಪಡಿಸುವ ಕಾರ್ಯಭಾರದ ಪಟ್ಟಿಯಲ್ಲಿ ಇದಕ್ಕೆಂದು ವಾರಕ್ಕೆ ಎರಡು ಗಂಟೆಗಳನ್ನು ಬೋಧನೆಗೆ ಸಮನಾಗಿ ಎಣಿಸುವಂತೆ ಇಲಾಖೆ ಆದೇಶ ಹೊರಡಿಸಬೇಕು. ಆ ಗಂಟೆಗಳು ಅತಿಥಿ ಉಪನ್ಯಾಸಕರ ಗೌರವಧನಕ್ಕೂ ಸಲ್ಲಬೇಕು.