ತಂತ್ರಾಂಶಗಳ ನಡುವಿನ ಕಾಲುವೆ: ಏಕೀಕರಣ ವ್ಯವಸ್ಥೆಯ ಕುರಿತು ಗ್ರಾಮ ಪಂಚಾಯತಿ ಸದಸ್ಯರಿಗೆ ತಿಳಿವಳಿಕೆ



“ಸರ್ವರ್ ಇಲ್ಲ” ಎಂಬ ಮಾತು ಪಂಚಾಯತಿ ಕಚೇರಿಗಳಲ್ಲಿ ಸಾಮಾನ್ಯವಾಗಿದೆ. ಮನೆಯ ಕ್ರಯಪತ್ರ ನೋಂದಣಿಗೆ ದಿನ ಗೊತ್ತುಪಡಿಸಿಕೊಂಡವರು, ಬ್ಯಾಂಕ್ ಸಾಲಕ್ಕಾಗಿ ನಮೂನೆ 9 ಕೋರಿ ಬಂದವರು ಈ ಉತ್ತರ ಕೇಳಿ ಹಿಂತಿರುಗಿದರೆ, ಮೊದಲು ಪ್ರಶ್ನಿಸುವುದು ತಮ್ಮ ವಾರ್ಡಿನ ಸದಸ್ಯರನ್ನೇ. ಕೆಲಸ ಎಲ್ಲಿ ನಿಂತಿದೆ ಎಂಬುದನ್ನು ಸದಸ್ಯರು ತಾವೇ ವಿಚಾರಿಸಿ ತಿಳಿಯುವಂತಾಗಲಿ ಎಂಬ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

1. ಆಸ್ತಿ ಒಂದು, ತಂತ್ರಾಂಶ ಹಲವು

ಜಮೀನಿನ ಪಹಣಿ ‘ಭೂಮಿ’ಯಲ್ಲಿದೆ. ಗ್ರಾಮ ಪಂಚಾಯತಿ ವ್ಯಾಪ್ತಿಯ ಆಸ್ತಿಗಳ ನಮೂನೆ 9, 11ಎ ಮತ್ತು 11ಬಿ ‘ಇ-ಸ್ವತ್ತು’ವಿನಲ್ಲಿವೆ. ತೆರಿಗೆಯ ಬೇಡಿಕೆ, ವಸೂಲಿ ಹಾಗೂ ಬಾಕಿ ‘ಪಂಚತಂತ್ರ’ದಲ್ಲಿವೆ. ದಸ್ತಾವೇಜು ನೋಂದಣಿಯು ‘ಕಾವೇರಿ’ಯಲ್ಲಿ ನಡೆಯುತ್ತದೆ. ಇವೆಲ್ಲ ಬೇರೆ ಬೇರೆ ಇಲಾಖೆಗಳ ಅಗತ್ಯಕ್ಕೆ, ಬೇರೆ ಬೇರೆ ಕಾಲದಲ್ಲಿ ರೂಪುಗೊಂಡವು. ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ ಭೂಮಿ ಯೋಜನೆ 2000ರ ಆಸುಪಾಸಿನದು, ಕಾವೇರಿ 2.0 ಜಾರಿಗೆ ಬಂದದ್ದು 2023ರಲ್ಲಿ. ಆದರೆ ಆಸ್ತಿಯ ಮಾಲೀಕರಿಗೆ ಮನೆ ಒಂದೇ. ಒಂದು ತಂತ್ರಾಂಶದಲ್ಲಿನ ಮಾಹಿತಿ ಮತ್ತೊಂದಕ್ಕೆ ತಲುಪದಿದ್ದರೆ ಅವರ ಕೆಲಸ ಮುಂದುವರಿಯದು.

ಹೀಗೆ ಪರಸ್ಪರ ಅಪರಿಚಿತವಾದ ತಂತ್ರಾಂಶಗಳ ನಡುವೆ ನಿಂತು ಮಾಹಿತಿ ಸಾಗಿಸುವ ವ್ಯವಸ್ಥೆಯೇ ಏಕೀಕರಣ ತಂತ್ರಾಂಶ. ಇದರ ಕೆಲಸಗಳು ಮೂರು. ಮಾಹಿತಿಯನ್ನು ಸಾಗಿಸುವುದು ಮೊದಲನೆಯದು. ಒಂದರ ಭಾಷೆಯನ್ನು ಮತ್ತೊಂದಕ್ಕೆ ಹೊಂದಿಸುವುದು ಎರಡನೆಯದು: ಒಂದೆಡೆ 30x40 ಅಡಿ ನಿವೇಶನವು 1200 ಚದರ ಅಡಿ ಎಂದಿದ್ದು, ಮತ್ತೊಂದೆಡೆ ಚದರ ಮೀಟರ್ ಬೇಕಾದಲ್ಲಿ 111.48 ಎಂದು ಪರಿವರ್ತಿಸಿ ನೀಡಬೇಕು. ಆಚೆಯ ತಂತ್ರಾಂಶ ಸ್ಥಗಿತಗೊಂಡಾಗ ಮಾಹಿತಿ ಕಳೆದುಹೋಗದಂತೆ ಸರದಿಯಲ್ಲಿ ಕಾಯ್ದಿರಿಸುವುದು ಮೂರನೆಯದು. ಅದೇ ಮಾಹಿತಿಯನ್ನು ಪುನಃ ಕಳುಹಿಸಬೇಕಾಗಿ ಬಂದಾಗ ಒಂದೇ ರಸೀದಿ ಎರಡು ಬಾರಿ ಜಮೆಯಾಗದಂತೆ, ಪ್ರತಿ ವ್ಯವಹಾರವನ್ನೂ ಅದರ ವಿಶಿಷ್ಟ ಸಂಖ್ಯೆಯಿಂದ ಗುರುತಿಸಲಾಗುತ್ತದೆ.

2. ‘ಹೈಬ್ರಿಡ್’ ಎಂದರೇನು?

ಕರೂರು ಭಾಗದ ಸದಸ್ಯರಿಗೆ ಇದನ್ನು ತುಂಗಭದ್ರಾ ಕಾಲುವೆಯ ಉದಾಹರಣೆಯಿಂದ ಹೇಳಬಹುದು. ಯಾವ ಕಾಲುವೆಗೆ, ಯಾವ ದಿನಾಂಕದವರೆಗೆ ನೀರು ಎಂಬುದನ್ನು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಆದರೆ ನೀರು ಸಮಿತಿಯ ಸಭಾಂಗಣದ ಮೂಲಕ ಹರಿಯುವುದಿಲ್ಲ. ಜಲಾಶಯದಿಂದ ಕಾಲುವೆಗೆ, ಅಲ್ಲಿಂದ ತೂಬಿನ ಮೂಲಕ ಗದ್ದೆಗೆ ಹರಿಯುತ್ತದೆ.

ಹೈಬ್ರಿಡ್ ಏಕೀಕರಣದಲ್ಲಿಯೂ ಇದೇ ವಿಂಗಡಣೆ ಇದೆ. ಯಾವ ಮಾಹಿತಿ ಎಲ್ಲಿಗೆ ಹೋಗಬೇಕೆಂಬ ನಿಯಮಗಳ ರಚನೆ ಮತ್ತು ಉಸ್ತುವಾರಿ ತಂತ್ರಾಂಶ ಕಂಪನಿಯ ಕ್ಲೌಡ್ ತಾಣದಲ್ಲಿ ನಡೆಯುತ್ತದೆ. ನಾಗರಿಕರ ಹೆಸರು, ಆಸ್ತಿ ವಿವರ, ತೆರಿಗೆ ಮೊತ್ತ ಮುಂತಾದ ನೈಜ ಮಾಹಿತಿಯನ್ನು ಸಾಗಿಸುವ ಭಾಗವು, ಅಂದರೆ ರನ್‌ಟೈಮ್, ಬಳಕೆದಾರ ಸಂಸ್ಥೆಯ ಅಧೀನದ ಗಣಕಯಂತ್ರಗಳಲ್ಲಿಯೇ ಕೆಲಸ ಮಾಡುತ್ತದೆ. ಉಸ್ತುವಾರಿ ತಾಣದ ಸಂಪರ್ಕ ಅಲ್ಪಕಾಲ ಕಡಿದರೂ ಮಾಹಿತಿಯ ಹರಿವು ನಿಲ್ಲದಂತೆ ಇದನ್ನು ವಿನ್ಯಾಸಗೊಳಿಸಬಹುದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ಬಂದ ನಂತರ ಜನರ ಮಾಹಿತಿ ಯಾರ ಅಧೀನದಲ್ಲಿದೆ ಎಂಬ ಪ್ರಶ್ನೆಗೆ ಹೆಚ್ಚಿನ ಮಹತ್ವ ದೊರೆತಿದೆ.

3. ನಿರ್ವಹಿತ ಕ್ಲಸ್ಟರ್

ಒಂದೇ ಗಣಕಯಂತ್ರವನ್ನು ನಂಬಿದರೆ, ಅದು ಕೆಟ್ಟ ದಿನ ಎಲ್ಲವೂ ಸ್ಥಗಿತಗೊಳ್ಳುತ್ತದೆ. ಆದ್ದರಿಂದ ರನ್‌ಟೈಮ್‌ನ ಹಲವು ಪ್ರತಿಗಳನ್ನು ಅನೇಕ ಯಂತ್ರಗಳ ಸಮೂಹದಲ್ಲಿ ಇರಿಸಲಾಗುತ್ತದೆ. ಈ ಸಮೂಹವೇ ಕ್ಲಸ್ಟರ್. ಒಂದು ಯಂತ್ರ ಕೆಟ್ಟರೆ ಅದರ ಕೆಲಸವನ್ನು ಮತ್ತೊಂದಕ್ಕೆ ವಹಿಸುವ ‘ಕುಬರ್ನೆಟೀಸ್’ ತಂತ್ರಾಂಶವನ್ನು ಗೂಗಲ್ ಸಂಸ್ಥೆ 2014ರಲ್ಲಿ ಮುಕ್ತವಾಗಿ ಪ್ರಕಟಿಸಿತು. ಗ್ರೀಕ್ ಮೂಲದ ಈ ಪದಕ್ಕೆ ಚುಕ್ಕಾಣಿ ಹಿಡಿಯುವವನು ಎಂದು ಅರ್ಥ.

‘ನಿರ್ವಹಿತ’ ಎಂದಾಕ್ಷಣ ಎಲ್ಲವನ್ನೂ ಕ್ಲೌಡ್ ಕಂಪನಿಯೇ ನೋಡಿಕೊಳ್ಳುತ್ತದೆ ಎಂದು ಭಾವಿಸಬಾರದು. ಚುಕ್ಕಾಣಿಯ ಭಾಗದ ನಿರ್ವಹಣೆ ಮಾತ್ರ ಕಂಪನಿಯದು. ಎಷ್ಟು ಯಂತ್ರ ಬೇಕು, ಗುಪ್ತಪದಗಳನ್ನು ಎಲ್ಲಿ ಇಡಬೇಕು, ಭದ್ರತಾ ಪ್ರಮಾಣಪತ್ರಗಳ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ಬಳಸುವ ಸಂಸ್ಥೆಯೇ ನೋಡಬೇಕು. ಕುಬರ್ನೆಟೀಸ್‌ನ ಹೊಸ ಆವೃತ್ತಿಗಳು ವರ್ಷಕ್ಕೆ ಮೂರರಂತೆ ಬರುತ್ತವೆ; ಪ್ರತಿ ಆವೃತ್ತಿಗೆ ಸುಮಾರು 14 ತಿಂಗಳು ಮಾತ್ರ ತಿದ್ದುಪಡಿಗಳು ದೊರೆಯುತ್ತವೆ. ಆದಕಾರಣ ಉನ್ನತೀಕರಣವನ್ನು ಮುಂಚಿತವಾಗಿ ಯೋಜಿಸಿ, ತೆರಿಗೆ ವಸೂಲಿಯ ಒತ್ತಡವಿರುವ ಮಾರ್ಚ್ ತಿಂಗಳನ್ನು ತಪ್ಪಿಸುವುದು ವಿವೇಕ.

4. ಈ ವ್ಯವಸ್ಥೆ ಮಾಡಲಾರದ ಕೆಲಸ

ಕಾಲುವೆಯು ನೀರನ್ನು ಸಾಗಿಸುತ್ತದೆ, ಸಿಹಿ ಮಾಡುವುದಿಲ್ಲ. ಅದೇ ರೀತಿ ಏಕೀಕರಣ ತಂತ್ರಾಂಶವು ಅಂಕಿ ಅಂಕಿಯಂತಿದೆಯೇ, ಕಡ್ಡಾಯ ವಿವರ ಖಾಲಿ ಉಳಿದಿದೆಯೇ ಎಂದು ಪರೀಕ್ಷಿಸಬಲ್ಲದು. ಚೆಕ್ಕುಬಂದಿಯಲ್ಲಿ ಪೂರ್ವಕ್ಕಿರುವುದು ರಸ್ತೆಯೋ ನೆರೆಯವರ ಗೋಡೆಯೋ, ಮೃತರ ಹೆಸರಿನ ಬದಲು ವಾರಸುದಾರರೆಲ್ಲರ ಹೆಸರು ಬಂದಿದೆಯೋ ಇಲ್ಲವೋ ಎಂಬುದು ಅದಕ್ಕೆ ತಿಳಿಯದು. ಹಿಂದೆ ತಪ್ಪು ನಮೂದು ಒಂದು ಪುಸ್ತಕದಲ್ಲಿ ಉಳಿಯುತ್ತಿತ್ತು. ಜೋಡಣೆಯಾದ ವ್ಯವಸ್ಥೆಯಲ್ಲಿ ಅದು ಹಲವು ಇಲಾಖೆಗಳಿಗೆ ಹರಿದು, ಡಿಜಿಟಲ್ ಸಹಿಯ ಬಲವನ್ನೂ ಪಡೆಯುತ್ತದೆ. ಆದ್ದರಿಂದ ಜೋಡಣೆ ಹೆಚ್ಚಿದಷ್ಟೂ ಮೂಲ ದಾಖಲೆ ಸಿದ್ಧವಾಗುವ ಗ್ರಾಮ ಪಂಚಾಯತಿಯ ಹೊಣೆ ಹೆಚ್ಚುತ್ತದೆ.

5. ಸದಸ್ಯರು ಗಮನಿಸಬೇಕಾದ ಅಂಶಗಳು

ಅ) ಅರ್ಜಿ ನಿಂತಿದೆ ಎಂಬ ದೂರು ಬಂದಾಗ ಕ್ರಮವಾಗಿ ವಿಚಾರಿಸುವುದು: ಕಚೇರಿಯ ವಿದ್ಯುತ್ ಹಾಗೂ ಅಂತರ್ಜಾಲ ಸರಿಯಿದೆಯೇ? ತಂತ್ರಾಂಶ ತೆರೆಯುತ್ತಿದೆಯೇ? ತೆರೆದರೂ ಬೇರೆ ಇಲಾಖೆಯ ಮಾಹಿತಿ ಬರುತ್ತಿಲ್ಲವೇ? ಅಥವಾ ಅರ್ಜಿಯು ಸಿಬ್ಬಂದಿಯ ಲಾಗಿನ್‌ನಲ್ಲಿಯೇ ಬಾಕಿ ಇದೆಯೇ? ಕೊನೆಯದಾದಲ್ಲಿ ಅದಕ್ಕೆ ಸರ್ವರ್ ಕಾರಣವಲ್ಲ.

ಆ) ಸಕಾಲ ವ್ಯಾಪ್ತಿಯ ಸೇವೆಗಳಿಗೆ ಅರ್ಜಿದಾರರು 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ಪಡೆದಿರುವುದನ್ನು ಖಚಿತಪಡಿಸಿಕೊಳ್ಳುವುದು.

ಇ) ತಾಂತ್ರಿಕ ದೋಷವನ್ನು ದಿನಾಂಕ, ಸಮಯ, ಅರ್ಜಿ ಸಂಖ್ಯೆ ಮತ್ತು ಪರದೆಯ ಚಿತ್ರದೊಂದಿಗೆ ಲಿಖಿತವಾಗಿ ವರದಿ ಮಾಡಲು ಕಚೇರಿಗೆ ಸೂಚಿಸುವುದು. “ಸರ್ವರ್ ಇಲ್ಲ” ಎಂಬಷ್ಟೇ ದೂರಿನಿಂದ ಯಾರೂ ದೋಷವನ್ನು ಹುಡುಕಲಾರರು.

ಈ) ಡಿಜಿಟಲ್ ಸಹಿಯ ಸಾಧನ, ಗುಪ್ತಪದ ಹಾಗೂ ಒಟಿಪಿಯನ್ನು ಸಂಬಂಧಿಸಿದ ಅಧಿಕಾರಿಯ ಹೊರತು ಬೇರೆಯವರು ಬಳಸದಂತೆ ನೋಡಿಕೊಳ್ಳುವುದು.

ಉ) ತಮ್ಮ ವಾರ್ಡಿನ ಆಸ್ತಿ ನಮೂದುಗಳನ್ನು ಮಾಲೀಕರೇ ಓದಿ, ಸಹಿ ಬೀಳುವ ಮುನ್ನವೇ ತಪ್ಪುಗಳನ್ನು ತಿಳಿಸುವಂತೆ ಪ್ರೇರೇಪಿಸುವುದು.

ಕ್ಲಸ್ಟರ್ ದೂರದ ನಗರದಲ್ಲಿರಬಹುದು. ಅದರಲ್ಲಿ ಹರಿಯುವ ಮಾಹಿತಿಯ ತೂಬು ಗ್ರಾಮ ಪಂಚಾಯತಿಯಲ್ಲಿದೆ. ಅಲ್ಲಿ ಎಚ್ಚರ ವಹಿಸುವಂತೆ ಮಾನ್ಯ ಸದಸ್ಯರಲ್ಲಿ ಕೋರಲಾಗಿದೆ.

ಪಂಚಾಯತಿ ಅಭಿವೃದ್ಧಿ ಅಧಿಕಾರಿ
ಕರೂರು, ಸಿರುಗುಪ್ಪ ತಾಲ್ಲೂಕು, ಬಳ್ಳಾರಿ ಜಿಲ್ಲೆ